ಖಾಲಿ ಸಿಲಿಂಡರಿನ ಆಮ್ಲ

ಹಲೋ... ಯಾರು ಮಾತಾಡ್ತಿರೋದು?

...

ಮೇಡಂ, ನೀವಾ? ಇದ್ಯಾರ ನಂಬರು? ಬೆಳಿಗ್ಗೆಯಿಂದ ನಿಮ್ಮದು ಸ್ವಿಚ್ ಆಫ್ ಬರ್ತಿದೆ.

...

ಓ, ಸಭೇಲಿರೋ ಯಾವುದೋ ಹುಡುಗನ ಫೋನಾ, ಚಾರ್ಜ್ ಬೇರೆ ಕಮ್ಮೀನಾ? ಹಾಂ, ಲ್ಯಾಬಲ್ಲೇ ಇದ್ದೀನಿ. ಸಮ್ಮೇಳನದಲ್ಲಿ ನಿಮ್ಮ ಭಾಷಣ ಶುರು ಆಯ್ತಾ?

...

ಇನ್ನೂ ಇಲ್ವಾ? ಹಾಗಾದ್ರೆ ಒಂದು ನಿಮಿಷ ಕೇಳಿ. ನಮ್ಮ ಹಸಿರಮ್ಮ...

...

ಹೂಂ, ಅದೇ, ನಮ್ಮ ಹಸಿರು ನಿಕ್ಕಲ್ ವೇಗವರ್ಧಕ. ಇಲ್ಲ, ಕೆಟ್ಟಿಲ್ಲ. ಫಾರ್ಮಿಕ್ ಆಮ್ಲ ಚೆನ್ನಾಗೇ ಬರ್ತಿದೆ. ಅದೇ ತೊಂದರೆ.

...

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಖಾಲಿ ಇತ್ತು ಮೇಡಂ. ಮುಳ್ಳು ಸೊನ್ನೇಲಿ ನಿಂತಿತ್ತು, ನಾನು ನೋಡಿರ್ಲಿಲ್ಲ. ಗ್ಯಾಸೇ ಹೋಗಿಲ್ಲ. ಆದ್ರೂ ಆಮ್ಲ ಬಂದಿದೆ, ಎಂದಿನಷ್ಟೇ.

...

ಪೈಪಲ್ಲಿ ಉಳಿದಿದ್ದಲ್ಲ. ನಂಗೂ ಹಾಗೇ ಅನ್ನಿಸ್ತು. ಎಲ್ಲಾ ತೊಳೆದು, ಸಾರಜನಕ ಮಾತ್ರ ಬಿಟ್ಟು ಮತ್ತೆ ನಡೆಸ್ದೆ. ಮತ್ತೂ ಬಂತು.

...

ದ್ರಾವಕದಿಂದ. ಕಾರ್ಬನ್ ಡೈಆಕ್ಸೈಡ್ ಹೊಗೆ ತಿಂದು ಆಮ್ಲ ಮಾಡ್ತಾಳೆ ಅಂದ್ಕೊಂಡಿದ್ವಿ ಅಲ್ವಾ? ಅವಳು ತಾನು ಮುಳುಗಿರೋ ದ್ರಾವಕವನ್ನೇ ಒಡೆದು ಆಮ್ಲ ಮಾಡ್ತಿದ್ದಾಳೆ. ಮೊದಲೇ ಗ್ಯಾಸ್ ಇಲ್ದೆ ಒಂದ್ಸಲ ನಡೆಸಿ ನೋಡ್ಬೇಕಿತ್ತು. ಇಬ್ರಿಗೂ ಆತುರ.

...

ಇಲ್ಲ, ಅಳ್ತಿಲ್ಲ. ಏನೂ ಅನ್ನಿಸ್ತಿಲ್ಲ ಮೇಡಂ. ಫ್ಲಾಸ್ಕ್ ತೊಳೀತಿದ್ದೆ. ತೊಳೆದಿದ್ದನ್ನೇ ಮತ್ತೆ ತೊಳೀತಿದ್ದೆ ಅನ್ಸುತ್ತೆ.

...

ನನ್ನ ಪಿಎಚ್‌ಡೀನಾ? ಹೋಯ್ತು ಅಂತ್ಲೇ ಇಟ್ಕೊಳ್ಳಿ. ಅದನ್ನ ಆಮೇಲೆ ನೋಡೋಣ.

...

ಯಾರಿಗೂ ಹೇಳಿಲ್ಲ. ನಿಮ್ಮನ್ನ, ನನ್ನನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ.

...

ಅದನ್ನ ಯಾಕೆ ಕೇಳಿದ್ರಿ ಮೇಡಂ?

...

ಚಪ್ಪಾಳೆ ಕೇಳಿಸ್ತಿದೆ. ನಿಮ್ಮನ್ನೇ ಕರೀತಿದ್ದಾರೆ. ಏನು ಹೇಳ್ತೀರಿ ಅಂತ ನಂಗೊಂದು ಮಾತು ಹೇಳಿ ಹೋಗಿ.

...

ಏನು, ಫೋನ್ ಇಡಬಾರದಾ? ಯಾಕೆ? ಆ ಹುಡುಗನ ಫೋನಲ್ಲಿ ಚಾರ್ಜೂ ಇಲ್ಲ ಅಂತೀರಿ...

...

ನಿಮ್ಮ ದನಿ ದೂರ ಕೇಳಿಸ್ತಿದೆ. ಮೈಕ್ ಮುಂದೆ ನಿಂತಿದ್ದೀರಾ?

...

ನಾನಾ? ಫೋನ್ ಮೈಕಿಗೆ ಹಿಡೀತೀರಾ? ನಾನು ಹೇಳ್ಬೇಕಾ? ಎಲ್ಲರಿಗೂ?

...

ಆಯ್ತು.

...

ನಮಸ್ಕಾರ. ನಾನು ಮೇಡಂ ವಿದ್ಯಾರ್ಥಿನಿ. ಅವರು ಇವತ್ತು ನಿಮಗೆ ತೋರಿಸಬೇಕು ಅಂತಿದ್ದ ಪ್ರಯೋಗ ಮಾಡಿದ್ದು ನಾನೇ. ಸಿಲಿಂಡರ್ ಖಾಲಿ ಇತ್ತು. ಆದರೂ ಆಮ್ಲ ಬಂತು. ಅಂದ್ರೆ ನಮ್ಮ ಫಲಿತಾಂಶ...

...

ಹಲೋ? ಕೇಳಿಸ್ತಾ?... ತಪ್ಪು ಅಂದೆ. ನಮ್ಮ ಫಲಿತಾಂಶ ತಪ್ಪು... ಹಲೋ? ಚಾರ್ಜ್ ಹೋಯ್ತಾ?... ಹಲೋ...