ಒಳಗೆ ಉಳಿದ ಹೊಸ್ತಿಲು

ನಿನ್ನೆ ಪ್ರವಚನ ಮುಗಿದ ಮೇಲೆ ಚನ್ನಮಲ್ಲಪ್ಪನವರು ನನ್ನನ್ನು ಮಠದ ಕಂಬದ ಹತ್ತಿರ ತಡೆದು ನಿಲ್ಲಿಸಿದರು. "ಅಜ್ಜಾರ, ಆ ಚುಕ್ಕಿಗೋಳ ಕಡೆ ನಮ್ಮಂಗ ಬುದ್ಧಿ ಇರೋ ಮಂದಿ ಯಾರರ ಅದಾರೇನ್ರಿ?" ಅಂತ ಕೇಳಿದರು. "ನಾಳೆ ಬರ್ರಿ, ಎಲ್ಲಾರ ಮುಂದ ಹೇಳ್ತೀನಿ" ಅಂದೆ. ಅಜ್ಜ ಜಾರಿಕೊಂಡ ಅಂತ ಅವರಿಗೆ ಅನುಮಾನ. ನೋಡಿ, ಅದಕ್ಕೇ ಇವತ್ತು ಮುಂದಿನ ಸಾಲಿನಲ್ಲೇ ಬಂದು ಕೂತಿದ್ದಾರೆ.

ಜಾರಿಕೊಂಡಿಲ್ಲ ಶರಣರೇ. ಆದರೆ ನಾನು ಅಲ್ಲಿಗೆ ಹೋಗಿ ನೋಡಿ ಬಂದವನಲ್ಲ. ನೋಡದೆ 'ಇದ್ದಾರೆ' ಅನ್ನುವುದು ಒಂದು ತಪ್ಪು. ನೋಡದೆ 'ಇಲ್ಲ' ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಹೇಗೆ ಅಂತೀರಾ? ಕೇಳಿ.

ಬಹಳ ಹಿಂದೆಯೂ ಅಲ್ಲ, ಬಹಳ ದೂರವೂ ಅಲ್ಲ, ಒಂದು ಊರು. ಅಲ್ಲೊಬ್ಬ ಸಾಹುಕಾರ. ದೃಷ್ಟಾಂತದಲ್ಲಿ ಸಾಹುಕಾರ ಬಂದ ಅಂದರೆ ಜಿಪುಣನೇ ಇರಬೇಕು ಅಂತ ನೀವು ಆಗಲೇ ತೀರ್ಮಾನ ಮಾಡಿಬಿಟ್ಟಿರಿ. ಇವನು ಹಾಗಲ್ಲ, ಕೊಡುಗೈಯವನು. ಇವನ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ ಇತ್ತು. ಸೋಮವಾರ ಮಧ್ಯಾಹ್ನ ಅಡಿಗೆಯಾದ ಮೇಲೆ ಯಜಮಾನ ತಲೆಬಾಗಿಲ ಹೊಸ್ತಿಲ ಹತ್ತಿರ ನಿಂತು ಮೂರು ಸಲ ಕೂಗಿ ಕರೆಯಬೇಕು: "ಹಸದವರು ಯಾರರ ಅದೀರೇನು? ಉಣ್ಣಾಕ ಬರ್ರಿ." ಬಂದವರು ಉಂಡ ಮೇಲೆ ಯಜಮಾನನ ಊಟ. ಅಪ್ಪ ಸಾಯುವಾಗ ಮಗನ ಕೈ ಹಿಡಿದು, "ಮನ್ಯಾಗಿನ ಜೋಳ ತೀರಿದ್ರೂ ಕರಿಯೋದು ಬಿಡಬ್ಯಾಡೋ ತಮ್ಮಾ" ಅಂದಿದ್ದ.

ಮಗ ಬಿಟ್ಟನೇ? ಇಲ್ಲ. ಒಂದು ವಾರವೂ ಬಿಡಲಿಲ್ಲ. ಆದರೆ ನಡುವೆ ಮನೆ ಬೆಳೆಸಿದ. ಹಳೆಯ ಬಾಗಿಲ ಮುಂದೆ ದೊಡ್ಡ ಹಾಲ್ ಬಂತು, ಹಾಲಿನ ಮುಂದೆ ವರಾಂಡ, ವರಾಂಡದ ಮುಂದೆ ಹೂದೋಟ, ಆಮೇಲೆ ಆಳೆತ್ತರದ ಕಾಂಪೌಂಡು, ಕಬ್ಬಿಣದ ಗೇಟು. ಗೌಂಡಿಗಳು ಹಳೆಯ ಬಾಗಿಲು ಕೀಳಲು ಬಂದಾಗ ಸಾಹುಕಾರ ಅಡ್ಡ ನಿಂತ. "ನಮ್ಮಪ್ಪ ನಿಂತು ಕರದ ಹೊಸ್ತಲಾ ಅದು. ಮುಟ್ಟಬ್ಯಾಡ್ರಿ." ಎಂಥ ಭಕ್ತಿ ನೋಡಿ. ಹೊಸ್ತಿಲು ಇದ್ದಲ್ಲೇ ಇತ್ತು. ಬೀದಿ ಮಾತ್ರ ದೂರ ಹೋಗಿತ್ತು.

ಸಾಹುಕಾರ ಪ್ರತಿ ಸೋಮವಾರ ಅಲ್ಲೇ ನಿಂತು ಕರೆದ. ಯಾರೂ ಬರಲಿಲ್ಲ. ಅಪ್ಪನಿಗೆ ಸಿಕ್ಕ ಪುಣ್ಯ ನನಗೇಕೆ ಸಿಗಲಿಲ್ಲ ಅಂತ ಮೊದಮೊದಲು ಕೊರಗಿದ. ಆಮೇಲೆ ಆಮೇಲೆ ಅದೇ ಹೆಮ್ಮೆಯಾಯಿತು. ಕಂಡವರಿಗೆಲ್ಲ ಹೇಳತೊಡಗಿದ, "ನಮ್ಮೂರಾಗ ಹಸದವರ ಇಲ್ರಿ."

ಒಂದು ಸೋಮವಾರ ಅಳಿಯ ಬಂದ. ಕಾಲೇಜಿನಲ್ಲಿ ನಕ್ಷತ್ರದ ಪಾಠ ಹೇಳುವವನು. ಮಾವ ಕರೆದದ್ದಾಯಿತು, ಯಾರೂ ಬರಲಿಲ್ಲ, ಇಬ್ಬರೂ ಎಲೆಯ ಮುಂದೆ ಕೂತರು. ಮಾತು ಆಕಾಶಕ್ಕೆ ಏರಿತು.

"ಏನ್ರಿ ಅಳಿಯಂದಿರ, ಅಲ್ಲಿ ಯಾರರ ಅದಾರೋ ಇಲ್ಲೋ?"

"ಗೊತ್ತಿಲ್ರಿ ಮಾವಾರ. ಆದ್ರ ಚುಕ್ಕಿ ಲೆಕ್ಕಕ್ಕ ಸಿಗದಷ್ಟು ಅದಾವ. ಒಂದೊಂದರ ಸುತ್ತ ನಮ್ಮ ಭೂಮಿಯಂಥಾವು ತಿರುಗ್ತಿರಬಹುದು. ಅಷ್ಟರಾಗ ನಾವಷ್ಟ ಅನ್ನಾಕ ಧೈರ್ಯ ಬರೂದಿಲ್ಲ."

"ಇದ್ದಿದ್ರ ಮಾತಾಡ್ತಿದ್ದಿಲ್ಲೇನು? ದೊಡ್ಡ ದೊಡ್ಡ ಡಿಶ್ ಇಟ್ಕೊಂಡು ಕೇಳಾಕ ಕುಂತೀರಿ. ಏನರ ಕೇಳಿಸೇತಿ? ಇಲ್ಲ. ಅಂದಮ್ಯಾಲೆ ಅಲ್ಲಿ ಯಾರೂ ಇಲ್ಲ. ನಾನೂ ವಾರಾ ವಾರಾ ಕರೀತೀನಿ, ಯಾರೂ ಬರೂದಿಲ್ಲ. ಊರಾಗ ಹಸದವರಿಲ್ಲ. ಎರಡೂ ಒಂದ ಲೆಕ್ಕ."

ಅಳಿಯ ಎಲೆ ಬಿಟ್ಟು ಎದ್ದ. "ಸಿಟ್ಟಾಗಬ್ಯಾಡ್ರಿ ಮಾವಾರ. ಇನ್ನೊಮ್ಮೆ ಕರೀರಿ. ನಾ ಗೇಟಿನ ಹೊರಗ ನಿಂತು ಕೇಳ್ತೀನಿ."

ಮಾವ ನಕ್ಕ. ಅಳಿಯ ಹೋದ. ಮಾವ ಹೊಸ್ತಿಲ ಹತ್ತಿರ ನಿಂತು ಗಂಟಲು ಬಿಚ್ಚಿ ಮೂರು ಸಲ ಕರೆದ. ಅಳಿಯ ತಿರುಗಿ ಬರಲಿಲ್ಲ. ಅನ್ನ ಆರತೊಡಗಿತು. ಕಡೆಗೆ ಸಾಹುಕಾರ ತಾನೇ ಹಾಲ್ ದಾಟಿ, ವರಾಂಡ ದಾಟಿ, ತೋಟ ದಾಟಿ, ಗೇಟು ತೆಗೆದು ಹೊರಗೆ ಬಂದ. ಕಾಂಪೌಂಡಿನ ನೆರಳಿನಲ್ಲಿ ಅಳಿಯ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು. ಅಪ್ಪನ ಕಾಲದಲ್ಲಿ ಸೋಮವಾರ ತಪ್ಪದೆ ಉಣ್ಣಲು ಬರುತ್ತಿದ್ದ ಸಾವಂತ್ರೆವ್ವ. ಸೆರಗಿನಲ್ಲಿ ಸುತ್ತಿದ ಖಾಲಿ ತಟ್ಟೆ ಮಡಿಲಲ್ಲಿತ್ತು.

"ಇಲ್ಯಾಕ ಕುಂತೀಬೇ ಸಾವಂತ್ರೆವ್ವಾ?"

"ಸೋಮವಾರ ಅಲ್ಲೇನಪಾ. ನಿಮ್ಮಪ್ಪಾರು ಹೋದಿಂದ ಕರಿಯೋದು ನಿಂತು ಹೋತು. ಆದ್ರೂ ಮನಸ್ಸು ಕೇಳೂದಿಲ್ಲ. ಬಂದು ತುಸು ಕುಂತು ಹೋಗ್ತೀನಿ."

"ನಿಂತಿಲ್ಲಬೇ. ನಾ ಒಂದ್ ವಾರಾನೂ ಬಿಟ್ಟಿಲ್ಲ."

"ಹೌದೇನು? ನಂಗ ಕೇಳಿಸ್ಲೇ ಇಲ್ಲಲ್ಲಪಾ."

"ಗೇಟರ ಬಡೀಬಾರದಿತ್ತೇನು?"

"ಕರದಾಗ ಹೋದ್ರ ನಾ ಬೀಗರಂಗ. ಕರೀದ ಹೋಗಿ ಬಾಗಲಾ ಬಡದ್ರ ಭಿಕ್ಷಾ ಬೇಡಾಕ ಬಂದಾಕಿ ಅಂತಾರ. ಹಸದೇನಿ ಖರೆ, ಬೇಡೂದಿಲ್ಲ. ಒಳಗ ಕರಿಯೋರು ಯಾರೂ ಉಳದಿಲ್ಲ ಅಂದ್ಕೊಂಡಿದ್ದೆ."

ಕೇಳಿದಿರಾ? ಒಳಗಿದ್ದವನು ಹೊರಗೆ ಯಾರೂ ಇಲ್ಲ ಅಂದುಕೊಂಡ. ಹೊರಗಿದ್ದವಳು ಒಳಗೆ ಯಾರೂ ಇಲ್ಲ ಅಂದುಕೊಂಡಳು. ನಡುವೆ ಒಂದು ಗೋಡೆ, ಇವನೇ ಕಟ್ಟಿಸಿದ್ದು.

ಸಾಹುಕಾರ ಮಣ್ಣಿನಲ್ಲೇ ಕೂತು ಅತ್ತ. "ಅಪ್ಪನ ಮಾತು ಉಳಿಸೀನಿ ಅಂದ್ಕೊಂಡಿದ್ದೆನಬೇ." ಆಮೇಲೆ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಹಾಲಿನ ಆಚೆ ಆ ಹಳೆಯ ಬಾಗಿಲು ಕಂಡದ್ದೇ ಸಾವಂತ್ರೆವ್ವ ನಿಂತುಬಿಟ್ಟಳು. ಬಗ್ಗಿ ಹೊಸ್ತಿಲು ಮುಟ್ಟಿ ಕೇಳಿದಳು, "ನಿಮ್ಮಪ್ಪಾರ ಹೊಸ್ತಲಾ ಅಲ್ಲೇನಪಾ ಇದು? ಇದ್ಯಾಕ ಇಷ್ಟು ಒಳಗ ಬಂತು?" ಸಾಹುಕಾರ ಅವಳಿಗೆ ಬಡಿಸಿ, ಅವಳು ಉಂಡ ಮೇಲೆ ತಾನು ಉಂಡ. ಮುಂದಿನ ವಾರದಿಂದ ಗೇಟಿನ ಹೊರಗೆ, ಬೀದಿಯಲ್ಲಿ ನಿಂತು ಕರೆದ.

ಈಗ ನಿಮ್ಮ ಪ್ರಶ್ನೆ, ಚನ್ನಮಲ್ಲಪ್ಪನವರೇ. ಮನುಷ್ಯ ಆಕಾಶದ ಕಡೆ ಕಿವಿ ತೆರೆದದ್ದು ಮೊನ್ನೆ ಮೊನ್ನೆ. ನಾವು ಕರೆದದ್ದು ಎಷ್ಟು? ಆ ಕರೆ ಎಷ್ಟು ದೂರ ಹೋಗಿದೆ? ಅಷ್ಟು ಚುಕ್ಕಿಗಳ ನಡುವೆ ಯಾರೋ ತಮ್ಮ ಗೋಡೆಯ ನೆರಳಿನಲ್ಲಿ, ಕರೆದರೆ ಹೋಗೋಣ ಅಂತ ಕೂತಿರಬಹುದು. ಇಲ್ಲದೆಯೂ ಇರಬಹುದು. ಇರಬಹುದು ಅಂತಲೇ ನನ್ನ ಮನಸ್ಸು ಹೇಳುತ್ತದೆ. ಉತ್ತರ ಬಂದಿಲ್ಲ ಅಂದರೆ ಯಾರೂ ಇಲ್ಲ ಅಂತ ಅರ್ಥವಲ್ಲ, ನನಗೆ ಗೊತ್ತಿರುವುದು ಇಷ್ಟೇ.

ಚುಕ್ಕಿಯ ಮಾತು ಓದಿದವರು ನೋಡಿಕೊಳ್ಳಲಿ. ನಿಮ್ಮ ಓಣಿಯ ಮಾತು ನೀವು ನೋಡಿ. 'ನಮ್ಮ ಕಡೆ ಯಾರೂ ಹಾಯೂದಿಲ್ರಿ, ನಮ್ಮನ್ನ ಯಾರೂ ಮಾತಾಡ್ಸೂದಿಲ್ರಿ' ಅಂತ ನನ್ನ ಮುಂದೆ ಹೇಳುತ್ತೀರಿ. ನೀವು ಎಲ್ಲಿ ನಿಂತು ಕರೆದಿರಿ? ಮಾತು ಬಿಟ್ಟ ತಮ್ಮ ತಾನಾಗಿ ಬರಲಿ ಅಂತ ನೀವು ಕೂತಿದ್ದೀರಿ. ಅಣ್ಣ ಕರೆಯಲಿ ಅಂತ ಅವನು ಕೂತಿದ್ದಾನೆ. ಪಕ್ಕದ ಮನೆಯವಳು ಬೇಡಲಿಲ್ಲ ಅಂದಮಾತ್ರಕ್ಕೆ ಅವಳ ಒಲೆ ಉರಿದಿದೆ ಅಂದುಕೊಂಡು ಉಂಡು ಮಲಗುತ್ತೀರಿ. ಇನ್ನು ಮೇಲೆ ಹಾಗೆ ಮಾಡಬೇಡಿ. ಎಲೆಯ ಮುಂದೆ ಕೂರುವ ಮೊದಲು ಗೇಟು ದಾಟಿ, ಅವರ ಬಾಗಿಲ ತನಕ ನಡೆದು, ಹೆಸರು ಹಿಡಿದು ಕರೆಯಿರಿ. ಅವರು ಕೇಳುವ ತನಕ ಕರೆಯಿರಿ.

ಪ್ರಸಾದ ಸಿದ್ಧವಾಗಿದೆ ಅಂತ ಒಳಗಿನಿಂದ ಹೇಳಿ ಕಳಿಸಿದ್ದಾರೆ. ತಡೆಯಿರಿ, ಯಾರೂ ಪಂಕ್ತಿಗೆ ಕೂರಬೇಡಿ. ಚನ್ನಮಲ್ಲಪ್ಪನವರೇ, ಏಳಿ. ಮಠದ ಬಾಗಿಲ ಹೊರಗೆ ಹೋಗಿ ನಿಂತು ಒಮ್ಮೆ ಕರೆದು ಬರೋಣ, ಆಮೇಲೆ ಊಟ.