ರಸ್ತೆ ಬದಿಯ ಮರಗಳಿಗೆ ಕೊಡಲಿ ಬೇಡ

ಅಧ್ಯಕ್ಷರಾದ ಸೆನ್ಯೋರ್ ವಲ್ದೆಮಾರ್ ಅವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಅರಣ್ಯಾಧಿಕಾರಿ ಡೊನಾ ಎರ್ಮೀನಿಯಾ ಅವರೇ, ಮುಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿರುವ ನನ್ನ ಅತ್ತೆಯವರೇ, ಮತ್ತು ಪ್ರೀತಿಯ ಸಭಿಕರೇ,

ನನ್ನ ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ. ಮಾತು ಹೆಚ್ಚಾದರೆ ಸಂತೋಷ ಹೆಚ್ಚಾಗಿದೆ ಎಂದುಕೊಂಡು ಕ್ಷಮಿಸಿ. ಡೊನಾ ಅವರ ಸಸಿತೋಟಕ್ಕೆ ನಾನು ಕೆಲಸಕ್ಕೆಂದು ಬಂದವಳು. ಮುಂದೆ ಹೆಚ್ಚಲಿರುವ ಬಿಸಿಲನ್ನು ತಾಳುವ ಮರ ಈಗಲೇ ಬೇಕೆಂದು ಅವರು ದಕ್ಷಿಣದ ಒಣನಾಡಿನಿಂದ ಬೀಜ ತರಿಸಿ ಮೊಳೆಸುತ್ತಿದ್ದರು. ನಾನು ನೀರು ಹಾಕುತ್ತಿದ್ದೆ. ಬಾಟಲಿಯ ಬಿರಡೆಗಾಗಿ ಕಾರ್ಕ್ ಮರದ ತೊಗಟೆ ಬಿಚ್ಚುವ ನೊರ್ಬೆರ್ತು ಕೊಡಲಿ ಹೊತ್ತು ಅದೇ ದಾರಿಯಲ್ಲಿ ಹೋಗುತ್ತಿದ್ದರು. ಕೆಲವು ಸಸಿಗಳಿಗೆ ನೀರು ಹೆಚ್ಚಾದದ್ದು ಹಾಗೆ.

ಹೋದ ವರ್ಷದ ಕಾಡ್ಗಿಚ್ಚನ್ನು ಮರೆಯುವುದುಂಟೇ? ಕರಕಲಾದ ಮರಗಳನ್ನು ಕಡಿದು ನೀಲಗಿರಿ ನೆಡೋಣ ಎಂದವರು ಯಾರು? ನಾವೇ. ವಸಂತದವರೆಗೆ ಕಾಯಿರಿ ಎಂದವರು ಡೊನಾ ಒಬ್ಬರೇ. ದಪ್ಪ ತೊಗಟೆಯ ಮರಗಳು ಚಿಗುರಿದವು. ಆ ಬೇಸಿಗೆಯಲ್ಲೇ ತೊಗಟೆ ಕಳೆದುಕೊಂಡು ಬರಿಮೈಯಲ್ಲಿದ್ದ ಮರಗಳು ಚಿಗುರಲಿಲ್ಲ. ಅವುಗಳ ತೊಗಟೆ ಬಿಚ್ಚಿ, ಬಿಚ್ಚಿದ ವರ್ಷದ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆದದ್ದು ನನ್ನ ಗಂಡ ನೊರ್ಬೆರ್ತು ಅವರ ಕೈ. ಮದುವೆಯ ಹಿಂದಿನ ದಿನವೂ ಅವರು ಅಲ್ಲಿಗೆ ಹೋಗಿ ನಿಂತಿದ್ದರು.

ಡೊನಾ ಈಗ ಕೇಳುತ್ತಿರುವುದು ಒಂದೇ. ರಸ್ತೆ ಬದಿಯ ಮರಗಳ ತೊಗಟೆ ಇನ್ನು ಬಿಚ್ಚುವುದು ಬೇಡ, ಬೆಂಕಿ ಬಂದರೆ ಅವೇ ಬೆಟ್ಟಕ್ಕೆ ಗೋಡೆಯಾಗಲಿ. ನನ್ನ ಮಾತು ಮುಗಿದ ಕೂಡಲೇ ನೀವು ಕೈ ಎತ್ತಿ ತೀರ್ಮಾನಿಸಬೇಕು. ಅಲ್ಲಿ ಹೆಚ್ಚಿನ ಮರಗಳು ಅತ್ತೆಯವರವು. ಅವರು ಒಪ್ಪದೆ ಅರ್ಧ ಊರು ಒಪ್ಪುವುದಿಲ್ಲ.

ಅತ್ತೆಯವರ ಮಾತಿನಲ್ಲೂ ನ್ಯಾಯವಿದೆ. "ಬಿಚ್ಚಿದ ತೊಗಟೆ ಮತ್ತೆ ಬೆಳೀಲಿ ಅಂತ ಒಂಬತ್ತು ವರ್ಷ ಕಾದಿದ್ದೀನಿ ಕಣೇ. ಆ ತೊಗಟೆ ಮಾರಿದ್ರೇನೇ ನಿಮ್ಮ ಮನೆಗೆ ಚಾವಣಿ. ಎರ್ಮೀನಿಯಾಗೇನು, ಪಿಂಚಣಿ ಬರುತ್ತೆ" ಎಂದರು. ಇಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ನೊರ್ಬೆರ್ತು ಹೇಳಿದರು: "ಚಾವಣಿ ಸೋರಿದ್ರೆ ಸೋರಲಿ. ಆ ಮರಗಳನ್ನ ನಾನು ಮುಟ್ಟಲ್ಲ. ಅಮ್ಮನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ."

ಅಯ್ಯೋ.

ನೊರ್ಬೆರ್ತು, ತಲೆ ತಗ್ಗಿಸಬೇಡಿ. ಅತ್ತೆ, ಸೋರುವ ಮನೆಯಲ್ಲಿ ಸಂಸಾರ ಮಾಡುವವಳು ನಾನು, ನನಗೆ ಒಪ್ಪಿಗೆಯಿದೆ. ನೀವು ಕೈ ಎತ್ತಿದ್ದೀರಿ. ನನ್ನ ಬಾಯಿ ಮುಚ್ಚಿಸಲೋ, ಡೊನಾ ಅವರ ಮಾತಿಗೆ ಒಪ್ಪಿಯೋ, ನಾನು ಕೇಳುವುದಿಲ್ಲ. ಅಧ್ಯಕ್ಷರೇ, ಆ ಕೈ ಕೆಳಗಿಳಿಯುವ ಮೊದಲೇ ದಯವಿಟ್ಟು ಎಣಿಕೆ ಶುರುಮಾಡಿ. ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೆಲ್ಲ ವಂದನೆಗಳು, ನಮಸ್ಕಾರ.