ನಡಕೊಂಡು ಬಂದ ಹಲಗಿ

ಕಬ್ಬಿನ ಹಾಲಿಗೆ ಐಸ್ ಬ್ಯಾಡ ಅಂದ್ನೆಲ್ಲ ಮಾರುತೇಶ! ಐಸ್ ಹಾಕಿದ್ರ ಗಂಟಲು ಹೋಗತೈತಿ, ಗಂಟಲು ಹೋದ್ರ ನಾಳೆ ಮುಂಜಾನಿ ಬಸ್ಸಿನ ಬಾಗಿಲದಾಗ ನಿಂತು "ಸಂಡೂರು, ಸಂಡೂರು" ಅಂತ ಒದರೋರು ಯಾರು? ಡ್ರೈವರ್ ಗಾಳೆಪ್ಪನಾ? ಅವನ ದನಿ ಅವನ ಹೆಂಡ್ತಿಗೇ ಕೇಳಂಗಿಲ್ಲ!... ಹ್ಞಾ, ನಗು. ನಾ ಬಂದು ಅರ್ಧ ತಾಸಾತು, ಈಗ ನಕ್ಕಿ ನೋಡು. ಲಿಂಬಿಹಣ್ಣು ಹಿಂಡು. ಶುಂಠಿ ಇನ್ನೊಂದು ತುಂಡು... ಸಾಕು, ಸಾಕು.

ಎಲ್ಲಿದ್ದೆ? ಹ್ಞಾ, ಸಂಡೂರಿನ ಟೇಲರಮ್ಮ! ಚಂದ್ರಕಲಾ ಅಂತ ಹೆಸರು. ಬಸ್ಸು ಇಪ್ಪತ್ತು ನಿಮಿಷ ಹಾಲ್ಟು, ನಾ ಚಾ ಕುಡ್ಯಾಕ ಇಳದೆ. ಬಾಜೂಕ ಒಂದು ಸಣ್ಣ ಅಂಗಡಿ, ಆಕಿ ಬ್ಲೌಸ್ ಹೊಲಕೋತ ಹಾಡಾಕತ್ತಾಳ. ಯಪ್ಪಾ! ಮಷಿನ್ ಪೆಡಲ್ ತುಳಿಯೋದೇ ಆಕಿ ತಾಳ. ತಟಕ್ ತಟಕ್ ತಟಕ್... ದಾರ ಹರಿದಾಗ ಹಾಡೂ ನಿಂದರತೈತಿ, ದಾರ ಪೋಣಿಸಿ ಮತ್ತ ಅಲ್ಲಿಂದಲೇ ಎತ್ತಿಕೊಳ್ಳತಾಳ! ನಾ ಚಾ ಕಪ್ಪು ಹಿಡಕೊಂಡು ನಿಂತು ಬಿಟ್ಟೆ. ಅತ್ಲಾಗ ಗಾಳೆಪ್ಪ ಹಾರ್ನ್ ಹೊಡದ, ಹೊಡದ... ಪ್ಯಾಸೆಂಜರೆಲ್ಲ ಬೈಯಾಕ ಹತ್ತಿದ್ರು. ಐದು ನಿಮಿಷ ಲೇಟು! ಇಪ್ಪತ್ತಾರು ವರ್ಷದ ಸರ್ವಿಸಿನಾಗ ನನ್ನಿಂದ ಬಸ್ಸು ಲೇಟಾಗಿದ್ದು ಅದೊಂದ ಸಲ. ಲೇಟು ಅಂದ್ರ ನನಗ ಮೈಯಾಗ ಉರಿ ಏಳತೈತಿ, ಗೊತ್ತಲ್ಲ ನಿಂಗ. ಅಂಥಾವ ನಾ ನಿಂತೆ ಅಂದ್ರ ಆ ಹಾಡು ಹೆಂಗಿರಬೇಕು!

ನನ್ನ ಹೆಂಡ್ತಿ ಕೇಳತಾಳ, "ವಯಸ್ಸು ಐವತ್ತೆರಡು, ಹುಡುಗರ ನಡುವ ನಿಂತು ಕುಣೀತೀರಿ, ನಾಚಿಕಿ ಬರಂಗಿಲ್ಲೇನು?" ಬರಂಗಿಲ್ಲ! ಯಾಕ ಬರಬೇಕು? ಹೋದ ತಿಂಗಳು ಹೊಸಪೇಟಿಯಾಗ ಮೂರು ಪ್ರೋಗ್ರಾಂ ನೋಡಿದೆ. ಫೋನಿನಾಗ ಕೇಳೋದು ಬ್ಯಾರೆ, ಎದುರಿಗೆ ಕೇಳೋದು ಬ್ಯಾರೆ. ಫೋನಿನಾಗ ಹಾಡಿನ ಸುದ್ದಿ ಗೊತ್ತಾಗತೈತಿ, ಅಷ್ಟ. ಎದುರಿಗಾದ್ರ ಎದಿಗೂಡು ನಡುಗತೈತಿ. ಪಕ್ಕದಾಗ ನಿಂತವ ಯಾರಂತ ಗೊತ್ತಿರಂಗಿಲ್ಲ, ಹಾಡು ಮುಗಿಯೋದ್ರಾಗ ಅವನ ಹೆಗಲ ಮ್ಯಾಲ ನನ್ನ ಕೈ ಇರತೈತಿ.

ಆದ್ರ ಅವೆಲ್ಲ ಒಂದು ಕಡೆ. ನಿಮ್ಮ 'ಕೆಂಪು ಟಿಪ್ಪರ್' ಬ್ಯಾಂಡ್ ಒಂದು ಕಡೆ! ಆ ಕಮಲಾಪುರದ ಸಂಜಿ ಮರೀತೀನೇನು? ಕೆರಿ ಹತ್ರ ಬಯಲು, ಆ ಕಡೆ ಬಾಳಿ ತ್ವಾಟ. ನಿಮ್ಮ ಲೀಡರ್ ಗಿರೀಶ ಗಿಟಾರ್ ಹಿಡದಾನ, ಚೋರನೂರು ರಮಾ ಮೈಕಿನ ಮುಂದ, ನೀ ಹಲಗಿ ಎದಿಗೆ ಹಚ್ಚಿಕೊಂಡು ನಿಂತಿ... ಮೊದಲನೇ ಏಟು ಬಿತ್ತು ನೋಡು! ಮಿರ್ಚಿ ತಿನ್ನೋರು ತಿನ್ನೋದು ಬಿಟ್ಟರು. ನಿಮ್ಮಪ್ಪ ಹುಸೇನಪ್ಪ ಮುಂದಿನ ಸಾಲಿನಾಗ ಕುರ್ಚಿ ಮ್ಯಾಲ ಕುಂತಿದ್ದ, ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು. ಜೀವನ ಪೂರ್ತಿ ಬ್ಯಾರೆಯವರ ಮೆರವಣಿಗಿ ಮುಂದ ಬಿಸಿಲಾಗ ನಡಕೋತ ಬಾರಿಸಿದ ಮನಿಷ್ಯಾ! ಅವತ್ತ ಹಲಗಿ ಸ್ಟೇಜ್ ಮ್ಯಾಲೆ, ಅವ ಕುರ್ಚಿ ಮ್ಯಾಲೆ. ನನಗ ಕಣ್ಣಾಗ ನೀರು ಬಂತು, ಖರೇ ಹೇಳತೀನಿ.

ಯಾಕ ಗ್ಲಾಸು ಅಷ್ಟು ತಿಕ್ಕತೀ? ಸ್ವಚ್ಛ ಆಗೈತಿ ಬಿಡು.

ನೋಡು, ನಾ ಸುಮ್ಮನ ಕಬ್ಬಿನ ಹಾಲು ಕುಡಿಯಾಕ ರಜಾ ದಿನ ಹೊಸಪೇಟಿಯಿಂದ ಕಂಪ್ಲಿಗೆ ಬಂದಿಲ್ಲ. ಸಂಡೇ ನಿಮ್ಮ ಬ್ಯಾಂಡಿನ ಪ್ರೋಗ್ರಾಂ ಐತಿ. ನೀ ಗಿರೀಶನ ಹತ್ರ ಹೋಗು. ಹೋಗಿ ಹೇಳು, "ನಾ ಲೇಟ್ ಬಾರಿಸಿಲ್ಲ" ಅಂತ. ನಿನ್ನ ತಗದು ಹಾಕಿ, ಹಲಗಿ ಬದಲಿ ಅವ ಆ ಕರೆಂಟಿನ ರಬ್ಬರ್ ಪ್ಯಾಡ್ ಒತ್ತಿ ಒತ್ತಿ ಏನು ಬಾರಿಸ್ಯಾನು? ಹೋದ ವಾರ ಕೇಳಿದೆ. ಟಿಕ್ ಟಿಕ್ ಅಂತೈತಿ, ಮನಿಯಾಗ ಹಲ್ಲಿ ಲೊಚಗುಟ್ಟಿದಂಗ. ಒಬ್ಬರೂ ಕುಣೀಲಿಲ್ಲ.

ತಲಿ ಅಲ್ಲಾಡಸಬ್ಯಾಡ. ಗೊತ್ತು, ಆ ಕಮಲಾಪುರದ ವಿಡಿಯೋ. 'ಕೊನೆ ಸೀಟು' ಅಂತ ಪೇಜು, ಹೆಸರಿಲ್ಲ, ಮುಖ ಇಲ್ಲ, ಯಾವನೋ ಅವಿವೇಕಿ. ನಲವತ್ತು ಸೆಕೆಂಡಿನ ವಿಡಿಯೋ ಹಾಕಿ ಕೆಳಗ ಬರದ, "ಹಾಡು ಬಂತು, ಹಲಗಿ ಇನ್ನೂ ಬಂದಿಲ್ಲ. ಬಸ್ಸಾಗಿದ್ರ ಸೀಟಿ ಹೊಡದು ಬಿಟ್ಟು ಹೋಗ್ತಿದ್ದೆ." ಹನ್ನೊಂದು ಸಾವಿರ ಮಂದಿ ನಕ್ಕರು. ಗಿರೀಶ ನೂರು ಸಲ ವಿಡಿಯೋ ತಿರುಗಿಸಿ ನೋಡಿ, "ಸ್ಟೇಜ್ ಮ್ಯಾಲ ಗೊತ್ತಾಗಲಿಲ್ಲ, ಇದ್ರಾಗ ಖರೇನ ಲೇಟು ಕೇಳತೈತಿ, ಮಷಿನ್ ಸುಳ್ಳು ಹೇಳತೈತೇನು" ಅಂದ. ಅವ ಅಂದ್ರ ಅನ್ನಲಿ... ನೀನೂ ನಂಬಿದೆಲ್ಲಲೇ! ನಿನ್ನ ಕೈಯಿ ಮ್ಯಾಲ ನಿಂಗ ನಂಬಿಕಿ ಹೋತು. ಎರಡು ತಿಂಗಳಾತು ಹಲಗಿ ಗ್ವಾಡಿಗೆ ತೂಗು ಹಾಕಿ. ನಿಮ್ಮಪ್ಪ ಯಾಕಂತ ಕೇಳೋದೂ ಬಿಟ್ಟಾನಂತ.

ಕೇಳು ಇಲ್ಲಿ. ನೀ ಲೇಟ್ ಇರಲಿಲ್ಲ! ನಾ ಕಂಡು ಹಿಡದೀನಿ!

ಹೋದ ವಾರ ಹಂಪಿಯಾಗ ಹೊಳಿ ದಂಡಿಗೆ ಕುಂತಿದ್ದೆ. ಆಚಿ ದಂಡಿಯಾಗ ಒಬ್ಬಾಕಿ ಕೌದಿ ಒಗಿಯಾಕತ್ತಿದ್ಲು. ಕೌದಿ ಬಂಡೆಗಲ್ಲಿನ ಮ್ಯಾಲ ಬಿದ್ದದ್ದು ಕಾಣಸ್ತೈತಿ, ಸಪ್ಪಳ ಇಲ್ಲ. ಆಕಿ ಮತ್ತ ಕೈ ಎತ್ತಿದ ಮ್ಯಾಲ, ಧಪ್! ನಾ ಸಣ್ಣಾವಿದ್ದಾಗಿಂದ ನೋಡೀನಿ ಇದನ್ನ, ಅವತ್ತ ಎದಿಗೆ ಬಡಿತು. ಸಪ್ಪಳ ನಡಕೊಂಡು ಬರತೈತಲ್ಲಪಾ! ಮರುದಿನ ಗಾಳೆಪ್ಪನ್ನ ಕರಕೊಂಡು ಕಮಲಾಪುರದ ಆ ಬಯಲಿಗೆ ಹೋದೆ. ಸ್ಟೇಜ್ ಇದ್ದ ಜಾಗದಾಗ ಅವನ್ನ ನಿಂದರಿಸಿದೆ, ಕೈಯಾಗ ನನ್ನ ಸೀಟಿ. "ಊದಿದಾಗೆಲ್ಲ ಕೈ ಇಳಿಸು" ಅಂದೆ. ನಾ ಹೆಜ್ಜಿ ಎಣಿಸಿಕೋತ ಹಿಂದ, ಹಿಂದ... ನೂರಾ ಮೂವತ್ತು ಹೆಜ್ಜಿ. ಕೈ ಇಳೀತು. ಆಮ್ಯಾಲ ಸೀಟಿ! ಮತ್ತ ಊದು ಅಂದೆ. ಕೈ... ಸೀಟಿ! ದನ ಮೇಸೋರು ಓಡಿ ಬಂದ್ರು, ಬಸ್ಸು ಎಲ್ಲೈತಿ ಅಂತ. ನಗು, ನಗು, ಗಾಳೆಪ್ಪನೂ ಬಿದ್ದು ಬಿದ್ದು ನಕ್ಕ.

ತಿಳೀತಿಲ್ಲ? ನಿನ್ನ ಹಲಗಿಗೆ ಮೈಕ್ ಇಟ್ಟಿರಲಿಲ್ಲ. "ಹಲಗಿಗೆ ಯಾಕ ಮೈಕ್, ಅದು ತಾನs ಊರಿಗೆಲ್ಲ ಕೇಳತೈತಿ" ಅಂದಿದ್ದ ಗಿರೀಶ. ರಮಾನ ಹಾಡು ವೈರಿನಾಗ ಬಂದು ಬಯಲಿನ ಹಿಂದ ಹುಣಸಿಮರಕ್ಕ ಕಟ್ಟಿದ್ದ ಸ್ಪೀಕರ್ ಡಬ್ಬಿಯಿಂದ ತಟ್ಟನ ಹೊರಬಿತ್ತು. ನಿನ್ನ ಹಲಗಿ ಸ್ಟೇಜಿನಿಂದ ನೂರಾ ಮೂವತ್ತು ಹೆಜ್ಜಿ ನಡಕೊಂಡು ಬಂತು! ಲೇಟಾಗದ ಇನ್ನೇನಾಗತೈತಿ? ಮುಂದ ಕುಂತವರಿಗೆ ಸರಿ ಕೇಳೈತಿ. ನಿಮ್ಮಪ್ಪಗ ಸರಿ ಕೇಳೈತಿ. ಆ ಅವಿವೇಕಿ ಹುಣಸಿಮರದ ಬುಡಕ್ಕ, ಸ್ಪೀಕರ್ ಡಬ್ಬಿ ಕೆಳಗ, ಮಿರ್ಚಿ ಪೊಟ್ಟಣ ತೊಡಿ ಮ್ಯಾಲ ಇಟಗೊಂಡು ಕುಂತು ರೆಕಾರ್ಡ್ ಮಾಡಿದ್ದಕ್ಕ...

ಏನಾತು? ಕಬ್ಬಿನ ಮಷಿನ್ ಯಾಕ ಬಂದ್ ಮಾಡಿದಿ?

ಅವ ಎಲ್ಲಿ ಕುಂತಿದ್ದ ಅಂತ ನನಗ ಹೆಂಗ ಗೊತ್ತು ಅಂತೀಯೇನು?... ವಿಡಿಯೋದಾಗ ಕಾಣಸ್ತೈತಲ್ಲ, ಮರ, ಡಬ್ಬಿ... ಕಾಣಂಗಿಲ್ಲ? ಬರೇ ಸ್ಟೇಜ್ ಐತಿ?... ಹೌದು. ಬರೇ ಸ್ಟೇಜ್ ಐತಿ. ಮತ್ತ ಮಿರ್ಚಿ... ಯಾರೋ ಹೇಳಿದ್ರಪಾ. ಪ್ಯಾಸೆಂಜರ್ ಯಾರೋ. ದಿನಾ ನೂರು ಮಂದಿ ಹತ್ತತಾರ, ಯಾರಂತ ನೆನಪಿಡಲಿ...

ಹಂಗ ನೋಡಬ್ಯಾಡ ಮಾರುತೇಶ.

ಬೈಯಿ. ಏನರ ಅನ್ನು.

ನಂದು. ಆ ಪೇಜು ನಂದು. ಎಲ್ಲಾರೂ ಇಳದ ಮ್ಯಾಲ ಕೊನೆ ಸೀಟಿನಾಗ ಕುಂತು ಟೈಪ್ ಮಾಡ್ತಿದ್ದೆ. ಹೆಂಡ್ತಿಗೂ ಗೊತ್ತಿಲ್ಲ. ಹಾಡಿನ ಸುದ್ದಿ ಬರಿಯೋದು, ಹೊಸಾ ದನಿ ಸಿಕ್ರ ನಾಕು ಮಂದಿಗೆ ಹೇಳೋದು, ಅದೇ ಖುಷಿ. ಅವತ್ತ ಹಾಡು ಸುರು ಆದ ಮ್ಯಾಲ ಹಲಗಿ ಲೇಟು ಅಂತ ಕಿವಿಗೆ ಬಿತ್ತು, ಉರಿ ಎದ್ದಿತು, ಬರದೆ. ನಿನ್ನ ಮಾರಿ ನೆನಪಾಗಲಿಲ್ಲ. ಹನ್ನೊಂದು ಸಾವಿರ ಮಂದಿ ನಕ್ಕಾಗ... ಇದನ್ನೂ ಹೇಳಿಬಿಡತೀನಿ, ಖುಷಿ ಆಗಿತ್ತು ನಂಗ. ಭಾಳ ಖುಷಿ ಆಗಿತ್ತು. ನಿನ್ನ ತಗದು ಹಾಕಿದ್ರು ಅಂತ ಗೊತ್ತಾದ ದಿನ ಅಳಿಸಿದೆ. ಅಳಿಸಿ ಏನು ಮಾಡೋದು, ಮಂದಿ ಫೋನಿನಾಗೆಲ್ಲ ಹೊಂಟು ಹೋಗಿತ್ತು. ಎರಡು ತಿಂಗಳು ಕಂಪ್ಲಿ ಟ್ರಿಪ್ಪಿನಾಗ ನಿನ್ನ ಅಂಗಡಿ ಮುಂದ ಹಾಯೋವಾಗ ಬಸ್ಸಿನ ಆ ಕಡೆ ಕಿಟಕಿಗೆ ಮುಖ ಮಾಡಿ ನಿಲ್ಲತಿದ್ದೆ.

ತಪ್ಪಾತು. ಸಣ್ಣ ಮಾತಲ್ಲ, ಗೊತ್ತು. ಇವತ್ತೂ ನಿನ್ನನ್ನs ಗಿರೀಶನ ಮುಂದ ಕಳಿಸಿ, ನಾ ಹಿಂದ ಅಡಗಿಕೊಳ್ಳೋಣಂತ ಬಂದಿದ್ದೆ ನೋಡು. ಎಂಥಾ ಮನಿಷ್ಯಾ ನಾನು!

ಫೋನ್ ಯಾಕ ನನ್ನ ಕಡೆ ಸರಿಸಿದಿ? ಯಾರಿಗೆ ಹಚ್ಚೀದಿ?... ಗಿರೀಶಗಾ? ಈಗ? ಅಲ್ಲ, ನಾಳೆ ಡ್ಯೂಟಿ ಮುಗಿಸಿ ನಾನs ಸಂಡೂರಿಗೆ ಅವನ ಮನಿಗೆ ಹೋಗಿ... ರಿಂಗ್ ಆಗಾಕತ್ತೈತಲೇ! ಇಪ್ಪತ್ತಾರು ವರ್ಷ ಎಂಥೆಂಥಾ ಚೆಕಿಂಗಿಗೆ ಹೆದರಿಲ್ಲ ನಾ...

ಹಲೋ. ಗಿರೀಶಪ್ಪಾ? ಇಲ್ಲ, ಮಾರುತೇಶ ಅಲ್ಲ, ಅವನ ಫೋನು. ನಾ ಕಂಡಕ್ಟರ್ ಹೊನ್ನೂರುಸ್ವಾಮಿ, ಹೊಸಪೇಟಿ. 'ಕೊನೆ ಸೀಟು' ಅಂತ ಪೇಜ್ ಐತೆಲ್ಲ, ಅದು ನಂದು. ಹ್ಞೂಂ, ಆ ವಿಡಿಯೋ ಹಾಕಿದವ ನಾನs. ಬೈಯಿರಿ, ಪೂರ್ತಿ ಬೈಯಿರಿ, ಆದ್ರ ಮೊದಲು ಒಂದು ಮಾತು ಕೇಳ್ರಿ. ಹುಡುಗನ ಕೈ ಸರಿ ಇತ್ತು. ನಾ ಕುಂತ ಜಾಗ ತಪ್ಪಿತ್ತು. ಬರ್ರಿ, ಆ ಬಯಲಾಗ ನಿಂತು ತೋರಸ್ತೀನಿ. ಇವತ್ತs ನನ್ನ ಹೆಸರು, ನನ್ನ ಮಾರಿ ಹಾಕಿ ಬರೀತೀನಿ... ಹೌದ್ರಿ... ಹೌದ್ರಿ... ಇಲ್ಲೇ ಅದಾನ. ನನ್ನ ಎದುರಿಗೇ ನಿಂತಾನ.

ತಗೊ ಮಾರುತೇಶ. ನಿನ್ನ ಕೇಳಾಕತ್ತಾನ. ನಾ ಸುಮ್ಮನ ಕುಂದ್ರತೀನಿ. ನೀ ಮಾತಾಡು.